ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಉಳಿಸಿಕೊಂಡ ಮಗಳಿಗೆ ಎನ್‌ಐಒಎಸ್ ಆಗಬಹುದೇ? ಅದು ನಿಜವಾದ ಬೋರ್ಡೇ?

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಿಮ್ಮ ಮಗಳು ಎಸ್ಸೆಸ್ಸೆಲ್ಸಿಯ ಮೂರು ಪರೀಕ್ಷೆಗಳನ್ನೂ ಬರೆದರೂ ಗಣಿತ, ವಿಜ್ಞಾನ ದಾಟಲಿಲ್ಲ, ಈಗ ಪುಸ್ತಕ ಕಂಡರೆ ಮುಖ ತಿರುಗಿಸಿ ದಿನವಿಡೀ ಚಿತ್ರ ಬರೆಯುತ್ತಾ ಕೂರುತ್ತಾಳೆ ಎಂದು ಬರೆದಿದ್ದೀರಿ. ಟ್ಯುಟೋರಿಯಲ್‌ನವರು ‘ಎನ್‌ಐಒಎಸ್ ಮಾಡಿಸೋಣ, ಪಾಸ್ ಗ್ಯಾರಂಟಿ’ ಎಂದಿದ್ದಾರೆ. ಇದು ಸರ್ಕಾರದ್ದೇ, ಇದರ ಕೆಲಸವಾದರೂ ಏನು ಎಂಬುದು ನಿಮ್ಮ ಪ್ರಶ್ನೆ. ಈ ಮಂಡಳಿಯ ಅಧ್ಯಯನ ಕೇಂದ್ರವೊಂದರಲ್ಲಿ ಹನ್ನೊಂದು ವರ್ಷ ಭಾನುವಾರಗಳಂದು ಕನ್ನಡ ಪಾಠ ಮಾಡಿದವನು ನಾನು. ಆ ಅನುಭವದಿಂದ ಉತ್ತರಿಸುತ್ತೇನೆ.

ಮೊದಲು ನಿಮ್ಮ ಆತಂಕಕ್ಕೆ: ಹೌದು, ಅದು ನಿಜವಾದ ಬೋರ್ಡು. ಎನ್‌ಐಒಎಸ್ ಎಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ಸ್ವಾಯತ್ತ ಸಂಸ್ಥೆ. ಕೇಂದ್ರ ಕಚೇರಿ ನೊಯ್ಡಾದಲ್ಲಿದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಇದು ಹುಟ್ಟಿದ್ದೇ ಸಿಬಿಎಸ್‌ಇಯ ಮಡಿಲಲ್ಲಿ. 1979ರಲ್ಲಿ ಸಿಬಿಎಸ್‌ಇ ‘ಓಪನ್ ಸ್ಕೂಲ್’ ಎಂಬ ಸಣ್ಣ ಯೋಜನೆಯೊಂದನ್ನು ಶುರುಮಾಡಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ, 1989ರ ನವೆಂಬರ್‌ನಲ್ಲಿ ಅದು ‘ನ್ಯಾಷನಲ್ ಓಪನ್ ಸ್ಕೂಲ್’ ಎಂದು ಬೇರೆಯಾಯಿತು. ಮರುವರ್ಷ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರ ದೊರೆಯಿತು, 2002ರಲ್ಲಿ ಈಗಿನ ಹೆಸರು ಬಂತು.

ಈಗ ಕೆಲಸದ ವಿಚಾರ. ನಮ್ಮಲ್ಲಿ ಬೋರ್ಡು ಎಂದರೆ ಪ್ರಶ್ನೆಪತ್ರಿಕೆ, ಫಲಿತಾಂಶ ಇಷ್ಟೇ ಎಂಬ ಭಾವನೆಯಿದೆ. ಸಿಬಿಎಸ್‌ಇಯನ್ನೇ ತೆಗೆದುಕೊಳ್ಳಿ. ಅದು ತಾನೇ ಶಾಲೆ ನಡೆಸುವುದಿಲ್ಲ. ಶಾಲೆಗಳಿಗೆ ಸಂಯೋಜನೆ ಕೊಡುತ್ತದೆ, ಪಠ್ಯಕ್ರಮ ಗೊತ್ತುಮಾಡುತ್ತದೆ, ಹತ್ತು ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆ ನಡೆಸುತ್ತದೆ. ಕಲಿಸುವ ಹೊಣೆ ಶಾಲೆಯದು. ಎನ್‌ಐಒಎಸ್‌ನಂಥ ಮುಕ್ತ ಶಾಲೆಯಲ್ಲಿ ಮಂಡಳಿಗೂ ವಿದ್ಯಾರ್ಥಿಗೂ ನಡುವೆ ಅಂಥ ಶಾಲೆಯೇ ಇಲ್ಲ. ಆದ್ದರಿಂದ ಮಂಡಳಿಯೇ ಮನೆಯಲ್ಲಿ ಒಬ್ಬರೇ ಕುಳಿತು ಓದುವವರಿಗೆ ಹೊಂದುವಂತೆ ಪುಸ್ತಕ ಬರೆಸುತ್ತದೆ, ಅಧ್ಯಯನ ಕೇಂದ್ರಗಳಿಗೆ ಮಾನ್ಯತೆ ಕೊಟ್ಟು ಸಂಪರ್ಕ ತರಗತಿ ಏರ್ಪಡಿಸುತ್ತದೆ, ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟ್‌ಗೆ ಶೇ 20ರಷ್ಟು ಅಂಕ ಇಡುತ್ತದೆ, ಕೊನೆಗೆ ಪರೀಕ್ಷೆಯನ್ನೂ ತಾನೇ ನಡೆಸುತ್ತದೆ. ಕಲಿಸುವ ಕೈಯೂ ಅಳೆಯುವ ಕೈಯೂ ಒಂದೇ.

ಆದರೆ ನನ್ನ ಮನಸ್ಸು ಗೆದ್ದದ್ದು ಇದಾವುದೂ ಅಲ್ಲ, ಈ ಮಂಡಳಿ ಕಾಲವನ್ನು ಕಲಿಯುವವರ ಕೈಗೇ ಕೊಡುವ ರೀತಿ. ಒಮ್ಮೆ ಪ್ರವೇಶ ಪಡೆದರೆ ಐದು ವರ್ಷ ನೋಂದಣಿ ಜೀವಂತ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಪರೀಕ್ಷೆ. ಒಟ್ಟು ಒಂಬತ್ತು ಅವಕಾಶ. ಐದೂ ವಿಷಯಗಳನ್ನು ಒಟ್ಟಿಗೆ ಬರೆಯಬೇಕೆಂಬ ಕಟ್ಟಳೆಯಿಲ್ಲ. ತಯಾರಾದ ವಿಷಯ ಬರೆದರೆ ಆ ಅಂಕ ಅವರ ಖಾತೆಯಲ್ಲಿ ಕೂರುತ್ತದೆ, ಇನ್ನೊಂದರಲ್ಲಿ ಸೋತರೂ ಅದು ಕರಗುವುದಿಲ್ಲ. ಹತ್ತನೇ ತರಗತಿಗೆ ಸೇರಲು ಹದಿನಾಲ್ಕು ತುಂಬಿರಬೇಕು, ಮೇಲಿನ ವಯೋಮಿತಿ ಇಲ್ಲವೇ ಇಲ್ಲ. ಎಂಟನೇ ತರಗತಿಯ ಅಂಕಪಟ್ಟಿ ಇಲ್ಲದವರೂ ತಮಗೆ ಓದುವ ಸಾಮರ್ಥ್ಯವಿದೆ ಎಂದು ಸ್ವತಃ ಘೋಷಿಸಿ ಸೇರಬಹುದು. ಒಂದು ಸರ್ಕಾರಿ ಸಂಸ್ಥೆ ಕಾಗದ ಕೇಳದೆ ಮನುಷ್ಯನ ಮಾತನ್ನು ನಂಬುವುದು ನನಗೆ ಇಂದಿಗೂ ದೊಡ್ಡ ವಿಷಯವಾಗಿ ಕಾಣುತ್ತದೆ.

ನನ್ನ ತರಗತಿಗೆ ಒಬ್ಬ ಹುಡುಗ ಬರುತ್ತಿದ್ದ. ತಂದೆ ಹಾಸಿಗೆ ಹಿಡಿದಾಗ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಮನೆಯ ಮುದ್ರಣಾಲಯ ನೋಡಿಕೊಳ್ಳುತ್ತಿದ್ದವನು. ಮದುವೆಯ ಕಾಲ ಬಂತೆಂದರೆ ಲಗ್ನಪತ್ರಿಕೆಯ ಕೆಲಸ, ಮೂರು ತಿಂಗಳು ಪತ್ತೆಯೇ ಇರುತ್ತಿರಲಿಲ್ಲ. ಶಾಲೆಯಾಗಿದ್ದರೆ ಹಾಜರಾತಿ ಕೊರತೆ ಎಂದು ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಅವನು ಮೊದಲು ಕನ್ನಡ ಒಂದನ್ನೇ ಬರೆದ. ಆರು ತಿಂಗಳ ನಂತರ ಇನ್ನೆರಡು. ಎಲ್ಲ ಮುಗಿಯಲು ಎರಡೂವರೆ ವರ್ಷ ಹಿಡಿಯಿತು. ಅಸೈನ್‌ಮೆಂಟ್‌ನಲ್ಲಿ ನಗರಸಭೆಗೆ ಪತ್ರ ಬರೆಯಿರಿ ಎಂಬ ಪ್ರಶ್ನೆಯಿತ್ತು. ಉಳಿದವರು ಗೈಡಿನಿಂದ ಇಳಿಸಿಕೊಂಡು ಬಂದರೆ, ಇವನು ಮುದ್ರಣಾಲಯದ ಮುಂದಿನ ಚರಂಡಿ ಎಂದಿನಿಂದ ಕಟ್ಟಿಕೊಂಡಿದೆ, ಮಳೆ ಬಂದಾಗ ಕಾಗದದ ರೀಮುಗಳನ್ನು ಎಷ್ಟು ಎತ್ತರದಲ್ಲಿ ಇಡಬೇಕಾಗುತ್ತದೆ ಎಂದೆಲ್ಲ ಬರೆದಿದ್ದ. ಕಾಗುಣಿತ ತಪ್ಪುಗಳಿದ್ದವು, ಆದರೂ ಅಂಥ ಪತ್ರವನ್ನು ನನ್ನ ಶಾಲೆಯ ಮಕ್ಕಳಿಂದ ನಾನು ಬರೆಸಲಾಗಿರಲಿಲ್ಲ.

ನಿಮ್ಮ ಮಗಳ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಹತ್ತನೇ ತರಗತಿಗೆ ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಗಣಿತ, ವಿಜ್ಞಾನ ಕಡ್ಡಾಯವಲ್ಲ. ಗೃಹವಿಜ್ಞಾನ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಚಿತ್ರಕಲೆ ಇವೆಲ್ಲ ಪಟ್ಟಿಯಲ್ಲಿವೆ. ಭಾರತೀಯ ಸಂಜ್ಞಾ ಭಾಷೆಯೂ ಇದೆ. ಅವಳು ಈಗಾಗಲೇ ಪಾಸಾದ ವಿಷಯಗಳಲ್ಲಿ ಎರಡರ ಅಂಕವನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಉಳಿದ ಮೂರನ್ನು ಬರೆದರೆ ಸಾಕು. ತೇರ್ಗಡೆಗೆ ಪ್ರತಿ ವಿಷಯದಲ್ಲಿ ಶೇ 33 ಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗಣಿತ ಬಿಟ್ಟು ಪಾಸಾಗುವುದು ಸುಲಭ ಎಂಬ ಒಂದೇ ಕಾರಣಕ್ಕೆ ಬಿಡಿಸಬೇಡಿ. ಮುಂದೆ ಡಿಪ್ಲೊಮಾ, ವಿಜ್ಞಾನ ಎಂದು ಅವಳ ಮನಸ್ಸು ಹೊರಳಿದರೆ ಆ ಬಾಗಿಲು ತಟ್ಟಲು ಗಣಿತವೇ ಬೇಕಾಗುತ್ತದೆ. ರಾಜ್ಯ ಮಂಡಳಿಯಲ್ಲೇ ಆ ಎರಡು ವಿಷಯಗಳನ್ನು ಮತ್ತೆ ಬರೆಯುವ ಧೈರ್ಯ ಅವಳಿಗಿದ್ದರೆ ಅದೇ ಹತ್ತಿರದ ದಾರಿ. ಧೈರ್ಯ ಉಡುಗಿಹೋಗಿದೆ, ಆ ಪುಸ್ತಕಗಳೇ ಬೇಡ ಎನ್ನುವ ಸ್ಥಿತಿಯಿದ್ದರೆ ಮಾತ್ರ ಈ ಕಡೆ ಬನ್ನಿ. ನೀವು ಬರೆದಿರುವುದನ್ನು ನೋಡಿದರೆ ನನಗೆ ಎರಡನೆಯದೇ ಸರಿ ಎನಿಸುತ್ತದೆ.

ಈ ಅಂಕಪಟ್ಟಿಗೆ ಮಾನ್ಯತೆಯಿಲ್ಲ ಎಂದು ನೆಂಟರು ಯಾರಾದರೂ ಹೇಳಿದರೆ ಹೆದರಬೇಡಿ. ಒಂದು ಕಾಲಕ್ಕೆ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಿಂದ ಮುಕ್ತ ಶಾಲೆಯವರನ್ನು ಹೊರಗಿಡುವ ನಿಯಮ ಇತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ತೇರ್ಗಡೆಯಾದವರಿಗೆ ಅಂಕಪಟ್ಟಿಯ ಜೊತೆಗೆ ವಲಸೆ ಪ್ರಮಾಣಪತ್ರವನ್ನೂ (ಮೈಗ್ರೇಷನ್ ಸರ್ಟಿಫಿಕೇಟ್) ಮಂಡಳಿಯೇ ಕೊಡುತ್ತದೆ, ಪಿಯು ಕಾಲೇಜಿಗೆ ಹೋಗುವಾಗ ಅದನ್ನು ಜೋಪಾನವಾಗಿಡಿ.

ನಿಜವಾಗಿ ಹೆದರಬೇಕಾದದ್ದು ‘ಗ್ಯಾರಂಟಿ’ ಎಂಬ ಆ ಮಾತಿಗೆ. ಪಾಸ್ ಮಾಡಿಸುವ ಅಧಿಕಾರ ಯಾವ ಟ್ಯುಟೋರಿಯಲ್‌ಗೂ ಇಲ್ಲ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ: ಅರ್ಜಿಯಲ್ಲಿ ವಿದ್ಯಾರ್ಥಿಯ ಮೊಬೈಲ್ ಸಂಖ್ಯೆಯ ಜಾಗಕ್ಕೆ ತಮ್ಮ ಸಂಖ್ಯೆ ಹಾಕಿಕೊಳ್ಳುತ್ತಾರೆ. ಪರೀಕ್ಷೆಯ ಸಂದೇಶ, ಪ್ರವೇಶಪತ್ರ ಎಲ್ಲವೂ ಅವರ ಕೈಗೆ. ಪರೀಕ್ಷೆಯ ಹಿಂದಿನ ದಿನ ಇನ್ನಷ್ಟು ಹಣ ತಂದರೆ ಮಾತ್ರ ಹಾಲ್ ಟಿಕೆಟ್ ಎನ್ನುತ್ತಾರೆ. ಒಬ್ಬ ತಾಯಿ ಕಿವಿಯೋಲೆ ಅಡವಿಟ್ಟು ಬಂದದ್ದನ್ನು ನಾನು ಮರೆತಿಲ್ಲ. ಕೆಲವರಂತೂ ಹೆಸರು ಹೋಲುವ ನಕಲಿ ಬೋರ್ಡಿನ ಅಂಕಪಟ್ಟಿಯನ್ನೇ ಕೈಗಿಡುತ್ತಾರೆ. ಆದ್ದರಿಂದ ಮಂಡಳಿಯ ಅಧಿಕೃತ ಜಾಲತಾಣದಲ್ಲಿ ನೀವೇ ಅರ್ಜಿ ತುಂಬಿ, ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ, ಶುಲ್ಕವನ್ನು ನೇರವಾಗಿ ಅಲ್ಲಿಗೇ ಕಟ್ಟಿ, ಅದರ ರಸೀದಿ ಇಟ್ಟುಕೊಳ್ಳಿ. ಪಾಠಕ್ಕೆ ಯಾರನ್ನು ಬೇಕಾದರೂ ಗೊತ್ತುಮಾಡಿಕೊಳ್ಳಿ, ಅದು ಬೇರೆ ಮಾತು.

ಅರ್ಜಿ ತುಂಬುವ ಮೊದಲು ವಿಷಯಗಳ ಪಟ್ಟಿಯನ್ನು ಅವಳ ಕೈಗೇ ಕೊಡಿ. ಯಾವ ವಿಷಯ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಎಂಬುದು ಮಾಹಿತಿ ಪುಸ್ತಿಕೆಯಲ್ಲಿರುತ್ತದೆ, ಇಬ್ಬರೂ ಕುಳಿತು ಓದಿ. ಚಿತ್ರಕಲೆ ಆರಿಸಿಕೊಂಡರೆ ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ದಿನವಿಡೀ ಬರೆಯುತ್ತಾಳೆಂದು ನೀವು ಬೇಸರಪಟ್ಟುಕೊಂಡ ಆ ಚಿತ್ರಗಳನ್ನು ರದ್ದಿಗೆ ಹಾಕದೆ ಎತ್ತಿಡಿ.