ಫೋರ್ಡ್ ಮಾಡೆಲ್ ಟಿ: ಸ್ಟೀರಿಂಗ್ ಕೆಳಗಿನ ಎಡ ಲಿವರ್ ಯಾತಕ್ಕೆ?

ಪ್ರಶ್ನೆ: ವಿಂಟೇಜ್ ಕಾರು ಪ್ರದರ್ಶನದಲ್ಲಿ ಫೋರ್ಡ್ ಮಾಡೆಲ್ ಟಿ ನೋಡಿದೆ. ಸ್ಟೀರಿಂಗ್ ಕೆಳಗೆ ಎರಡು ಲಿವರ್ ಇದ್ದವು. ಬಲಗಡೆಯದು ಆಕ್ಸಿಲರೇಟರ್, ಎಡಗಡೆಯದು ಸ್ಪಾರ್ಕ್ ಎಂದರು. ಸ್ಪಾರ್ಕನ್ನು ಡ್ರೈವರ್ ಯಾಕೆ ಹಿಂದೆಮುಂದೆ ಮಾಡಬೇಕಿತ್ತು? ಮರೆತರೆ ಹ್ಯಾಂಡಲ್ ಹೊಡೆಯುವವರ ಕೈ ಮುರಿಯುತ್ತಿತ್ತಂತೆ, ನಿಜವೇ?

ಉತ್ತರ: ನಿಜ. ಕಿಡಿ ಬಿದ್ದ ತಕ್ಷಣ ಪೆಟ್ರೋಲ್ ಮಿಶ್ರಣ ಪೂರ್ತಿ ಉರಿಯುವುದಿಲ್ಲ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತು 3 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 27 ಡಿಗ್ರಿ ತಿರುಗಿರುತ್ತದೆ. ಹಾಗಾಗಿ ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಬೀಳಬೇಕು. ಕೈಯಲ್ಲಿ ತಿರುಗಿಸುವಾಗ ವೇಗ 100 ಸುತ್ತು ಎಂದರೆ ಅದೇ ಹೊತ್ತಿಗೆ 2 ಡಿಗ್ರಿಯೂ ಆಗುವುದಿಲ್ಲ. ಆಗ ಕಿಡಿ ಮುಂಚೆ ಬಿದ್ದರೆ ಮೇಲೇರುತ್ತಿರುವ ಪಿಸ್ಟನ್ನನ್ನು ಉರಿ ಕೆಳಕ್ಕೆ ದಬ್ಬುತ್ತದೆ, ಹ್ಯಾಂಡಲ್ ಉಲ್ಟಾ ಹೊಡೆಯುತ್ತದೆ. ಮಣಿಕಟ್ಟಿನ ಮೂಳೆ ಮುರಿಯುವುದು ಹೀಗೆ.

ಶುರುವಿನ ಎಂಜಿನ್‌ಗಳಲ್ಲಿ ಈ ಲಿವರ್‌ಗೆ ಕೆಲಸವೇ ಇರಲಿಲ್ಲ. ಡೈಮ್ಲರ್ ಮತ್ತು ಮೇಬಾಕ್ 1880ರ ದಶಕದಲ್ಲಿ ಬರ್ನರ್‌ನಿಂದ ಕೆಂಪಗೆ ಕಾಯಿಸಿದ ಕೊಳವೆ ಇಟ್ಟಿದ್ದರು. ಒತ್ತಡ ಏರಿ ಮಿಶ್ರಣ ಆ ಕೊಳವೆಯೊಳಗೆ ನುಗ್ಗಿದಾಗ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಳ್ಳುವ ಸಮಯವನ್ನು ಬದಲಿಸಲು ದಾರಿಯಿರಲಿಲ್ಲ, ಪೆಟ್ರೋಲಿನ ಪಕ್ಕದಲ್ಲೇ ಬಯಲು ಬೆಂಕಿ ಬೇರೆ. ವೇಗ ಮಿತಿಮೀರಿದರೆ ಗವರ್ನರ್ ಎಂಬ ವೇಗ ನಿಯಂತ್ರಕ ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವ ಬಾಗಿಲು) ತೆರೆಯದಂತೆ ತಡೆದು ಕೆಲವು ಸುತ್ತು ಉರಿ ತಪ್ಪಿಸುತ್ತಿತ್ತು. ಬೆಂಜ್ 1886ರಲ್ಲೇ ಬ್ಯಾಟರಿ ಮತ್ತು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ತಂತಿ ಸುರುಳಿ) ಬಳಸಿದ. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1895ರ ಫ್ರೆಂಚ್ ಕಂಪನಿ ದ ಡಿಯೋನ್‌ನ ಎಂಜಿನ್ನಿನದು. ಅದರಲ್ಲಿ ಸ್ಪಾರ್ಕಿನ ಸಮಯ ಕ್ಯಾಮ್ (ಉಬ್ಬಿರುವ ತಿರುಗುವ ಬಿಲ್ಲೆ) ಮತ್ತು ಪಾಯಿಂಟ್‌ನ (ಕರೆಂಟ್ ಕಡಿಯುವ ಲೋಹದ ತುದಿಗಳು) ಹಿಡಿತಕ್ಕೆ ಬಂತು, ಎಂಜಿನ್ 1500 ಸುತ್ತು ದಾಟಿತು. 1902ರಲ್ಲಿ ಬಾಷ್ ಕಂಪನಿಯ ಹೊನೋಲ್ಡ್ ಹೈ ಟೆನ್ಷನ್ ಮ್ಯಾಗ್ನೆಟೊ ತಂದ. ಮ್ಯಾಗ್ನೆಟೊ ಎಂದರೆ ಎಂಜಿನ್ ತಿರುಗುವಾಗ ಮ್ಯಾಗ್ನೆಟ್‌ಗಳಿಂದ ಕರೆಂಟ್ ಹುಟ್ಟಿಸುವ ಸಾಧನ.

ಇನ್ನು ಮಾಡೆಲ್ ಟಿ (1908–27). ಎಡ ಲಿವರ್ ಪೂರ್ತಿ ಮೇಲಿದ್ದರೆ ರಿಟಾರ್ಡ್ (ಕಿಡಿ ತಡವಾಗಿ), ಕೆಳಕ್ಕೆ ಎಳೆದಷ್ಟೂ ಅಡ್ವಾನ್ಸ್ (ಕಿಡಿ ಮುಂಚೆ). ಹ್ಯಾಂಡಲ್ ಮುಟ್ಟುವ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಹಿಂದಕ್ಕೆ, ಸ್ಪಾರ್ಕ್ ಪೂರ್ತಿ ಮೇಲಕ್ಕೆ. ಸ್ವಿಚ್ ಆಫ್ ಇರುವಾಗಲೇ ಚೋಕ್ ತಂತಿ ಎಳೆದು ಎರಡು ಮೂರು ಸಲ ಕಾಲು ಸುತ್ತು ಎತ್ತಿ. ಆಮೇಲೆ ಸ್ವಿಚ್ ಆನ್ ಮಾಡಿ ಎಡಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಕೆಳಕ್ಕೆ ಒತ್ತಲೇಬೇಡಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹಿಡಿಯನ್ನು ಸುತ್ತಿಕೊಳ್ಳಬಾರದು. ಉಲ್ಟಾ ಹೊಡೆದರೂ ಹಿಡಿ ಕೈಯಿಂದ ಜಾರಿ ಹೋಗುತ್ತದೆ. ಎಂಜಿನ್ ಹಿಡಿದ ಮೇಲೆ ಸ್ಪಾರ್ಕ್ ಕೆಳಗಿಳಿಸಿ. ರಿಟಾರ್ಡ್‌ನಲ್ಲೇ ಓಡಿಸಿದರೆ ಎಳೆತ ಇರುವುದಿಲ್ಲ, ರೇಡಿಯೇಟರ್ ಕುದಿಯುತ್ತದೆ, ಎಕ್ಸಾಸ್ಟ್ ಕೊಳವೆ ಕೆಂಪಾಗುತ್ತದೆ. ಏರಿನಲ್ಲಿ ಟಕಟಕ ಸದ್ದು ಬಂದರೆ ಅಡ್ವಾನ್ಸ್ ಜಾಸ್ತಿಯಾಗಿದೆ, ಲಿವರನ್ನು ಒಂದೆರಡು ಹಲ್ಲು ಮೇಲೇರಿಸಿ.

ಲಿವರ್ ಸರಿಯಿದ್ದೂ ಎಂಜಿನ್ ಮುಗ್ಗರಿಸಿದರೆ ಕಾಯಿಲ್ ನೋಡಿ. ಮರದ ಪೆಟ್ಟಿಗೆಯಲ್ಲಿ ಸಿಲಿಂಡರ್‌ಗೊಂದರಂತೆ ನಾಲ್ಕಿವೆ. ಕರೆಂಟ್ ಬಂದಾಗ ಮೇಲಿನ ಸ್ಪ್ರಿಂಗ್ ಪಟ್ಟಿ ಗುಂಯ್‌ಗುಡುತ್ತದೆ. ಪ್ರತಿಯೊಂದೂ 1.3 ಆಂಪಿಯರ್ ಎಳೆಯುವಂತೆ ಹೊಂದಿಸಬೇಕು. ಒಂದು ಕಾಯಿಲ್ ಕೇವಲ 1 ಮಿಲಿಸೆಕೆಂಡ್ ತಡಮಾಡಿದರೂ 1500 ಸುತ್ತಿನಲ್ಲಿ ಆ ಸಿಲಿಂಡರ್ 9 ಡಿಗ್ರಿ ಹಿಂದೆ ಬೀಳುತ್ತದೆ. ಸದ್ದು ಮಾತ್ರ ಕೇಳಿ ಸರಿಯಿದೆ ಎನ್ನಬೇಡಿ, ಮೀಟರ್ ಇಟ್ಟು ನೋಡಿ. ಪಾಯಿಂಟ್ ಗುಳಿಬಿದ್ದಿದ್ದರೆ ನುಣ್ಣನೆಯ ಅರದಿಂದ ಸಮ ಮಾಡಿ. ಯಾವ ಕಾಯಿಲ್‌ಗೆ ಯಾವಾಗ ಕರೆಂಟ್ ಎಂದು ಹಂಚುವ, ಎಂಜಿನ್ ಮುಂಭಾಗದ ಟೈಮರ್‌ನ ರೋಲರ್‌ನಲ್ಲಿ ಜಿಡ್ಡು ಕಟ್ಟಿದ್ದರೂ ಉರಿ ತಪ್ಪುತ್ತದೆ.

ಒಂದು ವಿಷಯಕ್ಕೆ ಗಾಬರಿ ಬೇಡ. ಮ್ಯಾಗ್ನೆಟೊದಲ್ಲಿ ಓಡುವಾಗ ಲಿವರ್ ಎಳೆದರೂ ಸ್ವಲ್ಪ ದೂರ ಏನೂ ಬದಲಾಗದೆ, ಆಮೇಲೆ ಒಮ್ಮೆಲೇ ಎಂಜಿನ್ ಜೋರಾಗಬಹುದು. ಫ್ಲೈವೀಲ್‌ನಲ್ಲಿ 16 ಮ್ಯಾಗ್ನೆಟ್‌ಗಳಿವೆ, ಕರೆಂಟ್ 22.5 ಡಿಗ್ರಿಗೊಮ್ಮೆ ತುದಿ ಮುಟ್ಟುತ್ತದೆ. ಕಿಡಿಯೂ ಅದೇ ಮೆಟ್ಟಿಲಿನಲ್ಲಿ ಹತ್ತುತ್ತದೆ. ಸ್ವಿಚ್ ಬ್ಯಾಟರಿಗೆ ಹಾಕಿ ನೋಡಿ, ಆ ನೆಗೆತ ಇರುವುದಿಲ್ಲ.