ಯೂನಿಯನ್ ಸೇರಲೇ ಅಂತ ಕೇಳುವ ಮೊದಲು, ನಿಮ್ಮ ಹೆಸರು ಯಾರ ರೋಲ್‌ನಲ್ಲಿದೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವೇರ್‌ಹೌಸ್ ಹುಡುಗರದ್ದು. ಹೊಸಕೋಟೆ, ಮಾಲೂರು, ನೆಲಮಂಗಲ, ದಾಬಸ್‌ಪೇಟೆ. ಊರು ಬೇರೆ, ಪ್ರಶ್ನೆ ಒಂದೇ. ಎರಡು ವರ್ಷದಿಂದ ಇದೇ ಪ್ರಶ್ನೆ ಓದಿ ಓದಿ ಸಾಕಾಗಿದೆ. ಹಾಗಾಗಿ ಒಂದಕ್ಕೆ ಉದ್ದವಾಗಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಚಿಕ್ಕದಾಗಿ. ಪಿಎಫ್ ಅಂದರೇನು, ಇಎಸ್‌ಐ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೆಲಸ ಮಾಡುವವರನ್ನು ಕೇಳಿ.

ಪ್ರಶ್ನೆ: ಮೇಡಂ, ಹೊಸಕೋಟೆ ಹತ್ತಿರ ಒಂದು ದೊಡ್ಡ ವೇರ್‌ಹೌಸ್‌ನಲ್ಲಿ ಮೂರು ವರ್ಷದಿಂದ ಪಿಕಿಂಗ್, ಅಂದರೆ ಆರ್ಡರ್ ಬಂದ ಐಟಂ ಹುಡುಕಿ ಎತ್ತಿ ಕೊಡುವ ಕೆಲಸ ಮಾಡುತ್ತಿದ್ದೇನೆ. ಗಂಟೆಗೆ ಇಷ್ಟು ಐಟಂ ಅಂತ ಟಾರ್ಗೆಟ್ ಇದೆ. ಓಟಿಗೆ (ಓವರ್‌ಟೈಮ್‌ಗೆ) ಸಿಂಗಲ್ ರೇಟ್ ಕೊಡುತ್ತಾರೆ. ಇಷ್ಟರಲ್ಲಿ ನಮ್ಮನ್ನು ಗುತ್ತಿಗೆ ಮೇಲೆ ಇಲ್ಲಿಗೆ ಹಾಕಿರುವ ಏಜೆನ್ಸಿ ಎರಡು ಸಲ ಬದಲಾಗಿದೆ. ಯೂನಿಯನ್‌ನವರು ಬಂದು ಸೇರಿಕೊಳ್ಳಿ, ತಿಂಗಳಿಗೆ 50 ರೂಪಾಯಿ ಚಂದಾ ಅಂತಿದ್ದಾರೆ. ಸೇರಿದರೆ ಏನಾದರೂ ಲಾಭ ಇದೆಯಾ? ಕೆಲಸ ಹೋಗುತ್ತಾ? – ಮುಳಬಾಗಿಲಿನ ಓದುಗ

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಟಾರ್ಗೆಟ್ ಅಲ್ಲ, ಓಟಿಯೂ ಅಲ್ಲ. ‘ಏಜೆನ್ಸಿ ಎರಡು ಸಲ ಬದಲಾಗಿದೆ’ ಅಂತ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ಅದು. ಅದೇ ಶೆಡ್, ಅದೇ ರ‍್ಯಾಕ್, ಕೈಯಲ್ಲಿ ಅದೇ ಸ್ಕ್ಯಾನರ್. ಆದರೆ ಕಾಗದದಲ್ಲಿ ನೀವು ಮೂರು ವರ್ಷದಲ್ಲಿ ಮೂರು ಕೆಲಸ ಮಾಡಿದ್ದೀರಿ. ಸ್ಯಾಲರಿ ಸ್ಲಿಪ್ ತೆಗೆದು ಮೇಲ್ಗಡೆ ಯಾರ ಹೆಸರಿದೆ ನೋಡಿ. ಟೀ ಶರ್ಟ್ ಮೇಲಿರುವ ಹೆಸರಲ್ಲ, ಸ್ಲಿಪ್ ಮೇಲಿರುವ ಹೆಸರು.

ಯಾಕೆ ಅಂತ ಕೇಳಿ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಏಳು ಜನ ಸೇರಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. ಒಟ್ಟು ಕಾರ್ಮಿಕರಲ್ಲಿ ನೂರಕ್ಕೆ ಹತ್ತು ಜನ ಅಥವಾ 100 ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿದ್ದರೆ ಸಾಕು. ಅದು ಸುಲಭದ ಭಾಗ. ಮಾಲೀಕರ ಎದುರು ಕೂತು ಮಾತಾಡುವ ಹಕ್ಕು ಬೇರೆಯೇ ವಿಷಯ. ಒಂದಕ್ಕಿಂತ ಜಾಸ್ತಿ ಸಂಘ ಇದ್ದಾಗ, ಕೆಲಸಗಾರರ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿರುವವರ ಪೈಕಿ ಶೇ 51 ಯಾರ ಕಡೆ ಇದ್ದಾರೋ ಆ ಸಂಘಕ್ಕೆ ಮಾತ್ರ ಆ ಹಕ್ಕು. ಯಾರಿಗೂ ಅಷ್ಟು ಇಲ್ಲದಿದ್ದರೆ, ಶೇ 20 ದಾಟಿದ ಸಂಘಗಳೆಲ್ಲ ಸೇರಿ ಒಂದು ಮಂಡಳಿ. ಯಾವ ರೋಲ್? ಇಡೀ ಆಟ ಇರುವುದು ಇಲ್ಲೇ. ಒಂದು ಶೆಡ್‌ನಲ್ಲಿ ಸಾವಿರ ಜನ ಇದ್ದು, ಅವರು ನಾಲ್ಕು ಏಜೆನ್ಸಿಗಳ ನಾಲ್ಕು ರೋಲ್‌ನಲ್ಲಿ ಹಂಚಿಹೋಗಿದ್ದರೆ, ‘ನಮ್ಮ ಹತ್ತಿರ 300 ಸದಸ್ಯತ್ವ ಫಾರಂ ಇದೆ’ ಅನ್ನುವ ಲೀಡರ್ ಮಾತಿಗೆ ತೂಕ ಎಷ್ಟು? ಆ 300ರಲ್ಲಿ ನಿಮ್ಮ ಏಜೆನ್ಸಿಯವರು ಎಷ್ಟು ಅಂತ ಕೇಳಿ. ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಇನ್ನು ಏಜೆನ್ಸಿ ಜೊತೆ ಮಾತಾಡಿ ಸಂಬಳ ಜಾಸ್ತಿ ಮಾಡಿಸುವುದು. ಏಜೆನ್ಸಿಗೆ ತಲೆಗೆ ಇಷ್ಟು ಅಂತ ಕಂಪನಿ ಕೊಡುತ್ತದೆ, ಅದರಲ್ಲಿ ಅವನು ತನ್ನ ಕಮಿಷನ್ ಇಟ್ಟುಕೊಳ್ಳುತ್ತಾನೆ. ಕಂಪನಿ ರೇಟ್ ಏರಿಸದೆ ಅವನು ಏನೂ ಏರಿಸುವುದಿಲ್ಲ. ಬೀಗ ಒಬ್ಬರ ಮನೆಯಲ್ಲಿ, ಕೀ ಇನ್ನೊಬ್ಬರ ಜೇಬಿನಲ್ಲಿ. ಸಂಘ ಸೇರಿದ ಮರುತಿಂಗಳೇ ಎರಡು ಸಾವಿರ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ಅದು ಶುದ್ಧ ಸುಳ್ಳು.

ಹಾಗಾದರೆ ಲಾಭವೇ ಇಲ್ಲವಾ? ಇದೆ. ಕಾನೂನು ಈಗಾಗಲೇ ಕೊಟ್ಟಿದ್ದನ್ನು ವಸೂಲಿ ಮಾಡುವುದರಲ್ಲಿ ಇದೆ. ಓಟಿಗೆ ಡಬಲ್ ಕೊಡಬೇಕು, ಇದರಲ್ಲಿ ಚೌಕಾಸಿ ಇಲ್ಲ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಬರಬೇಕು. ಏಜೆನ್ಸಿ ಸಂಬಳ ಕೊಡದಿದ್ದರೆ ಅದನ್ನು ಕೊಡುವ ಹೊಣೆ ಮೂಲ ಕಂಪನಿಯದ್ದು. ಈ ಕೊನೆಯ ಮಾತು ಅರ್ಧ ಜನಕ್ಕೆ ಗೊತ್ತಿಲ್ಲ, ಏಜೆನ್ಸಿಯವರು ಹೇಳುವುದೂ ಇಲ್ಲ. ನೀವೊಬ್ಬರೇ ಅರ್ಜಿ ಬರೆದರೆ ಸೂಪರ್‌ವೈಸರ್ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಸಂಘದ ಲೆಟರ್‌ಹೆಡ್‌ನಲ್ಲಿ ಕಂಪನಿಗೆ ಬರೆದು, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ ಹೋದರೆ ಹಾಗೆ ಜೇಬಿಗೆ ಹಾಕಿಕೊಳ್ಳಲು ಬರುವುದಿಲ್ಲ.

ನೆಲಮಂಗಲ ಕಡೆಯ ಒಂದು ಕೇಸ್ ಹೇಳುತ್ತೇನೆ. ಏಜೆನ್ಸಿ ತಾನು ಕಟ್ಟಬೇಕಾದ ಪಿಎಫ್ ಪಾಲನ್ನೂ ಹುಡುಗರ ಸಂಬಳದಿಂದಲೇ ಕತ್ತರಿಸುತ್ತಿತ್ತು. ಸ್ಲಿಪ್‌ನಲ್ಲಿ ಪಿಎಫ್ ಅಂತ ಒಂದು ಕಡೆ, ‘ಅದರ್ಸ್’ ಅಂತ ಇನ್ನೊಂದು ಕಡೆ, ಎರಡೂ ಒಂದೇ ಮೊತ್ತ. ಒಬ್ಬನ ಸ್ಲಿಪ್ ನೋಡಿದಾಗ ನನಗೂ ಹೊಳೆಯಲಿಲ್ಲ. ನಲವತ್ತು ಜನರ ಸ್ಲಿಪ್ ಮೇಜಿನ ಮೇಲೆ ಹರಡಿದ ಮೇಲೆ ಕಣ್ಣಿಗೆ ಹೊಡೆಯಿತು. ದುಡ್ಡು ವಾಪಸ್ ಬರಲು ಐದು ತಿಂಗಳು ಹಿಡಿಯಿತು. ಸಂಘದ ಲಾಭ ಅಂದರೆ ನನ್ನ ಲೆಕ್ಕದಲ್ಲಿ ಆ ನಲವತ್ತು ಸ್ಲಿಪ್.

ಚಿಕ್ಕ ವಿಷಯಗಳೂ ಬೇಗ ಆಗುತ್ತವೆ. ಪ್ಯಾಕಿಂಗ್‌ನಲ್ಲಿ ನಿಂತೇ ಇರುವ ಹೆಣ್ಣುಮಕ್ಕಳಿಗೆ ಸ್ಟೂಲ್, ಡಾಕ್ ಹತ್ತಿರ ಫ್ಯಾನು, ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಕ್ಯಾಬ್. ಇದಕ್ಕೆ ರೋಲ್ ಲೆಕ್ಕ ಬೇಕಿಲ್ಲ, ಸೈಟ್ ಮ್ಯಾನೇಜರ್‌ಗೆ ತಲೆನೋವು ಆಗುವಷ್ಟು ಜನ ಒಟ್ಟಿಗೆ ಕೇಳಿದರೆ ಸಾಕು. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಂದವು. ಕೂರುವುದಕ್ಕೂ ಕಾನೂನು ಬೇಕಾಯಿತು ನೋಡಿ.

ಏಜೆನ್ಸಿ ಬದಲಾದಾಗ ಏನು? ಹಳಬರನ್ನೇ ತೆಗೆದುಕೊಳ್ಳಬೇಕು, ಹಳೆಯ ಸೇವೆ ಲೆಕ್ಕಕ್ಕೆ ಬರಬೇಕು ಅಂತ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುವ ಸಂಘ ಇದ್ದರೆ ಅದಕ್ಕೆ 50 ಅಲ್ಲ, 200 ಕೊಡಿ. ಆದರೆ ‘ಪರ್ಮನೆಂಟ್ ಮಾಡಿಸುತ್ತೇವೆ’ ಅನ್ನುವವರನ್ನು ನಂಬಬೇಡಿ. ಗುತ್ತಿಗೆ ಕಾರ್ಮಿಕರು ತಾವಾಗಿಯೇ ಮೂಲ ಕಂಪನಿಯ ನೌಕರರಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಉಕ್ಕು ಪ್ರಾಧಿಕಾರದ ಕೇಸಿನಲ್ಲಿ ಹೇಳಿ ಆಗಿದೆ. ಕೆಲಸದ ಸುರಕ್ಷತೆ ಬಗ್ಗೆ ಇರುವ ಇನ್ನೊಂದು ಹೊಸ ಸಂಹಿತೆಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಸಂಸ್ಥೆಯ ಮೂಲ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚುವಂತಿಲ್ಲ ಅನ್ನುತ್ತದೆ ಅದು. ಲೋಡಿಂಗ್, ಅನ್‌ಲೋಡಿಂಗ್ ಮೂಲ ಕೆಲಸ ಅಲ್ಲ, ಆದರೆ ಸಂಸ್ಥೆ ಶುರುವಾಗಿದ್ದೇ ಅದಕ್ಕಾದರೆ ಆ ಮಾತು ಬೇರೆ. ವೇರ್‌ಹೌಸ್ ಇನ್ನೇನಕ್ಕೆ ಇದೆ, ದೇವರ ಪೂಜೆಗಾ? ಒಳ್ಳೆಯ ವಾದ. ಆದರೆ ಸಾಮಾನ್ಯವಾಗಿ ಗುತ್ತಿಗೆಯಲ್ಲೇ ನಡೆಯುವ ಕೆಲಸಕ್ಕೆ, ಇದ್ದಕ್ಕಿದ್ದಂತೆ ಹೆಚ್ಚಾದ ಕೆಲಸಕ್ಕೆ ಅಂತ ವಿನಾಯಿತಿಗಳೂ ಅಲ್ಲೇ ಇವೆ. ಆ ವಿನಾಯಿತಿಯಲ್ಲಿ ಲಾರಿಯೇ ನುಗ್ಗಬಹುದು. ಇದನ್ನು ನಂಬಿ ಮನೆ ಸಾಲ ಮಾಡಬೇಡಿ.

ಈಗ ಕೆಲಸ ಹೋಗುತ್ತಾ ಅನ್ನುವ ಪ್ರಶ್ನೆ. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದರೆ ಸಂಘ ಸೇರಿದ್ದಕ್ಕೆ ತೆಗೆದೆ ಅಂತ ಯಾವ ಏಜೆನ್ಸಿಯೂ ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಕ್ಯಾಬ್ ಇಳಿದು ಗೇಟಲ್ಲಿ ಕಾರ್ಡ್ ತೋರಿಸುತ್ತೀರಿ, ಕೆಂಪು ದೀಪ. ಇನ್ನೊಂದು ಸಲ ತೋರಿಸುತ್ತೀರಿ, ಮತ್ತೆ ಕೆಂಪು. ಹಿಂದೆ ಕ್ಯೂ ನಿಂತಿದೆ. ‘ಐಡಿ ಬ್ಲಾಕ್ ಆಗಿದೆ, ಏಜೆನ್ಸಿಯವರನ್ನ ಕೇಳಿ’ ಅನ್ನುತ್ತಾನೆ ಗಾರ್ಡ್. ಏಜೆನ್ಸಿಯವನ ಫೋನ್ ಸ್ವಿಚ್ ಆಫ್. ಲೆಟರ್ ಇಲ್ಲ, ನೋಟಿಸ್ ಇಲ್ಲ. ಆಮೇಲೆ ನನ್ನ ಹತ್ತಿರ ಬರುತ್ತೀರಿ. ಅಲ್ಲಿ ಕೆಲಸ ಮಾಡಿದ್ದಕ್ಕೆ ಏನು ದಾಖಲೆ ಇದೆ ಅಂತ ಕೇಳಿದರೆ ಬರಿಗೈ ತೋರಿಸುತ್ತೀರಿ. ತೆಗೆದದ್ದು ತಪ್ಪು ಅಂತ ಕೇಸ್ ಹಾಕಿದರೆ, ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದೇನೆ ಅಂತ ತೋರಿಸಬೇಕಾದವರು ನೀವು.

ಅದಕ್ಕೇ ಹೇಳುವುದು, ಫಾರಂಗೆ ಸಹಿ ಹಾಕುವ ಮೊದಲು ಕಾಗದ ಜೋಡಿಸಿ. ಆಫರ್ ಲೆಟರ್, ಎಲ್ಲಾ ಸ್ಲಿಪ್, ಪಿಎಫ್ ಪಾಸ್‌ಬುಕ್, ಶಿಫ್ಟ್ ಮೆಸೇಜು, ಕ್ಯಾಬ್ ಲಿಸ್ಟು. ಇಷ್ಟರ ಫೋಟೋ ಮನೆಯವರ ಫೋನಿಗೂ ಕಳಿಸಿಡಿ. ಚಂದಾ ರಸೀದಿಯನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಹಾಕಿದ ನಾಲ್ಕು ಹುಡುಗರ ಐಡಿ ಎರಡೇ ದಿನದಲ್ಲಿ ಕೆಂಪಾಗಿದ್ದನ್ನು ನಾನೇ ನೋಡಿದ್ದೇನೆ. ಕಾನೂನಿನ ವಿಶೇಷ ರಕ್ಷಣೆ ಇರುವುದು ಪದಾಧಿಕಾರಿಗಳಲ್ಲಿ ಕೆಲವರಿಗೆ. ನೂರಕ್ಕೆ ಒಬ್ಬರಂತೆ, ಕನಿಷ್ಠ 5, ಗರಿಷ್ಠ 100 ಜನ. ಅದೂ ವಿವಾದ ನಡೆಯುತ್ತಿರುವಾಗ. ಸಾಮಾನ್ಯ ಸದಸ್ಯರಿಗೆ ಅದಿಲ್ಲ. ಸಂಖ್ಯೆ ಆಗುವ ತನಕ ಸದ್ದಿಲ್ಲದೆ ಇರಿ ಅಂತ ನಾನು ಹೇಳಿದರೆ ಕೆಲವು ಲೀಡರ್‌ಗಳಿಗೆ ಸಿಟ್ಟು. ಬರಲಿ ಬಿಡಿ. ಬಾಡಿಗೆ ಕಟ್ಟುವವರು ಅವರಲ್ಲ.

ದಸರಾ ಸೇಲ್ ಹೊತ್ತಿಗೆ ಎಲ್ಲರೂ ಒಂದೇ ದಿನ ರಜೆ ಹಾಕೋಣ ಅನ್ನುವ ಐಡಿಯಾ ಬೇಡ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಕ್ಯಾಶುಯಲ್ ರಜೆ ಹಾಕಿದರೆ ಅದು ಮುಷ್ಕರ ಅಂತಲೇ ಲೆಕ್ಕ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಸಂಘವೇ ಇಲ್ಲದ ಕಡೆ ಸಿಟ್ಟು ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಕೋಲಾರದವರಿಗೆ ನಾನು ಹೇಳಬೇಕಿಲ್ಲ. 2020ರ ಡಿಸೆಂಬರ್ 12, ನರಸಾಪುರದ ಐಫೋನ್ ಕಾರ್ಖಾನೆ. ಸಂಬಳ ಸರಿಯಾಗಿ ಬಂದಿಲ್ಲ ಅನ್ನುವ ದೂರು ನಿಜವೇ ಇತ್ತು, ಲೋಪ ಇತ್ತು ಅಂತ ಆಮೇಲೆ ಇಲಾಖೆಯೇ ಹೇಳಿತು. ಆದರೆ ಗಾಜು ಒಡೆದಾಗಿತ್ತು. ನೂರಕ್ಕೂ ಜಾಸ್ತಿ ಜನರನ್ನು ಪೊಲೀಸರು ಬಂಧಿಸಿದರು.

ಇನ್ನೊಂದು. ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್‌ನ ಅಮೆಜಾನ್ ವೇರ್‌ಹೌಸ್ ವಿಡಿಯೋ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ನಾನೂ ನೋಡಿದ್ದೇನೆ. 2022ರ ಏಪ್ರಿಲ್ 1ಕ್ಕೆ ಎಣಿಕೆ ಮುಗಿದಾಗ ಸಂಘದ ಪರ 2,654 ಮತ, ವಿರುದ್ಧ 2,131. ಕುಣಿದಾಡಿದರು, ಸರಿ. ಕಂಪನಿ ಆ ಫಲಿತಾಂಶವನ್ನೇ ಒಪ್ಪಲಿಲ್ಲ, ಮಾತುಕತೆಗೂ ಕೂರಲಿಲ್ಲ. ಎರಡು ವರ್ಷ ಕಳೆದರೂ ಒಂದು ಒಪ್ಪಂದ ಇಲ್ಲ. 2024ರ ಜೂನ್‌ನಲ್ಲಿ ಆ ಸಂಘ ಟೀಮ್‌ಸ್ಟರ್ಸ್ ಅನ್ನುವ ದೊಡ್ಡ ಯೂನಿಯನ್ ಜೊತೆ ಸೇರಿಕೊಂಡಿತು. ಗೆದ್ದ ವಿಡಿಯೋ ಎಲ್ಲರೂ ಕಳಿಸುತ್ತೀರಿ, ಆಮೇಲಿನದ್ದು ಯಾರೂ ಕಳಿಸುವುದಿಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ನೋಡಲು ಬಂದವರು ಮೊದಲು ಸ್ಲಿಪ್ ಕೇಳಿದರಾ, ಚಂದಾ ಕೇಳಿದರಾ? ಸ್ಲಿಪ್ ಕೇಳಿ, ಓಟಿ ಲೆಕ್ಕ ಹಾಕಿ, ನಿಮ್ಮ ಏಜೆನ್ಸಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ವಿಚಾರಿಸಿದರೆ ಸೇರಿ. ಬರೀ ಚಂದಾ ಕೇಳಿ ಹೋಗಿದ್ದರೆ ಆ 50 ರೂಪಾಯಿಗೆ ಬೋಂಡಾ ತಿನ್ನಿ.

ಪ್ರಶ್ನೆ: ಒಬ್ಬರು 15,000 ಕೊಟ್ಟರೆ ಯೂನಿಯನ್ ಕೋಟಾದಲ್ಲಿ ಕಂಪನಿ ರೋಲ್‌ಗೆ ಹಾಕಿಸುತ್ತೇನೆ ಅಂದಿದ್ದಾರೆ. ಕೊಡಬಹುದಾ?

ಉತ್ತರ: ಯೂನಿಯನ್ ಕೋಟಾ ಅಂತ ಪ್ರಪಂಚದಲ್ಲಿ ಇಲ್ಲ. ಪೊಲೀಸ್ ಸ್ಟೇಷನ್‌ಗೆ ಹೋಗಿ.

ಪ್ರಶ್ನೆ: ಸಂಘ ಸೇರಿದರೆ ಪಾಸ್‌ಪೋರ್ಟ್ ಸಿಗಲ್ಲ ಅಂತ ನಮ್ಮ ಎಚ್‌ಆರ್ ಹೇಳಿದರು. ನಿಜವಾ?

ಉತ್ತರ: ಹೇಳಿದ್ದು ಎಚ್‌ಆರ್ ಅಂತ ನೀವೇ ಬರೆದಿದ್ದೀರಿ.

ಪ್ರಶ್ನೆ: ನಮ್ಮ ಅಣ್ಣ ಡೆಲಿವರಿ ಕೆಲಸದಲ್ಲಿದ್ದಾನೆ. ಅವನಿಗೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ. ವೇರ್‌ಹೌಸ್‌ನವರಿಗೂ ಅದು ಅನ್ವಯ ಆಗುವಂತೆ ಹೋರಾಟ ಮಾಡಬಹುದಾ?

ಉತ್ತರ: ಅಯ್ಯೋ ಬೇಡ! ನಿಮ್ಮ ಹೆಸರು ಒಂದು ರೋಲ್‌ನಲ್ಲಾದರೂ ಇದೆ. ಪಿಎಫ್, ಇಎಸ್‌ಐ, ಓಟಿ ಎಲ್ಲ ಬರುವುದು ಅದರಿಂದ. ಅಣ್ಣನಿಗೆ ಆ ರೋಲ್ ಇಲ್ಲ ಅಂತಲೇ ಆ ಕಾಯ್ದೆ ತಂದಿದ್ದು.

ಪ್ರಶ್ನೆ: ನಮ್ಮಪ್ಪ ಯಶವಂತಪುರ ಯಾರ್ಡ್‌ನಲ್ಲಿ ಹಮಾಲಿ. ಮಹಾರಾಷ್ಟ್ರದಲ್ಲಿ ಹಮಾಲರಿಗೆ ಪಿಎಫ್, ಬೋನಸ್ ಎಲ್ಲ ಇದೆ ಅನ್ನುತ್ತಾರೆ. ಅದು ಹೇಗೆ?

ಉತ್ತರ: ಈ ಸಲ ಬಂದ ಒಳ್ಳೆಯ ಪ್ರಶ್ನೆ ಇದು. ಅಲ್ಲಿ 1969ರಿಂದ ಮಾಥಾಡಿ ಕಾಯ್ದೆ ಇದೆ. ಅಣ್ಣಾಸಾಹೇಬ್ ಪಾಟೀಲ್ ಅವರು ಮುಂಬೈ ಹಮಾಲರನ್ನು ಸೇರಿಸಿ ಮಾಡಿದ ಹೋರಾಟದ ಫಲ. ಹಮಾಲರು ಮಂಡಳಿಯಲ್ಲಿ ನೋಂದಣಿ ಆಗುತ್ತಾರೆ. ಮೂಟೆ ಇಳಿಸಿಕೊಂಡ ವ್ಯಾಪಾರಿ ಕೂಲಿಯನ್ನೂ, ಅದರ ಮೇಲೆ ಲೆವಿ ಅನ್ನುವ ಹೆಚ್ಚುವರಿ ಮೊತ್ತವನ್ನೂ ಮಂಡಳಿಗೆ ಕಟ್ಟುತ್ತಾನೆ. ಪಿಎಫ್, ಬೋನಸ್ ಬರುವುದು ಆ ಲೆವಿಯಿಂದ. ವ್ಯಾಪಾರಿ ಬದಲಾದರೂ ಹಮಾಲನ ಹೆಸರು ಮಂಡಳಿಯ ಪುಸ್ತಕದಲ್ಲೇ ಇರುತ್ತದೆ. ಮುಳಬಾಗಿಲಿನವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಪ್ರಶ್ನೆ: ಮೇಡಂ, ನಿಮ್ಮ ನಂಬರ್ ಕೊಡಿ.

ಉತ್ತರ: ಕೊಡುವುದಿಲ್ಲ. ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲಿದೆ. ನಿಮ್ಮ ಕಡೆಯ ಕಾರ್ಮಿಕ ಅಧಿಕಾರಿ ಎಲ್ಲಿ ಕೂರುತ್ತಾರೆ ಅಂತ ಅಲ್ಲಿ ಹೇಳುತ್ತಾರೆ. ಹೋಗುವಾಗ ಸ್ಲಿಪ್‌ಗಳ ಜೆರಾಕ್ಸ್ ಕೊಡಿ, ಅಸಲು ಕೊಡಬೇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ನಾಳೆ ಬಾ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ.