37% ಆಮ್ಲದ ಲೆಕ್ಕ: 2.46 ಅಲ್ಲ, 2.07 ಏಕೆ?

37% ಹೈಡ್ರೋಕ್ಲೋರಿಕ್ ಆಮ್ಲದಿಂದ (ಸಾಂದ್ರತೆ ಮಿ.ಲೀ.ಗೆ 1.19 ಗ್ರಾಂ) 0.1 ಮೋಲಾರ್ (ಲೀಟರ್‌ಗೆ 0.1 ಮೋಲ್) ದ್ರಾವಣ 250 ಮಿ.ಲೀ. ಮಾಡಲು ಎಷ್ಟು ಆಮ್ಲ ಬೇಕು ಎಂಬ ಲೆಕ್ಕಕ್ಕೆ ನಿಮಗೆ 2.46 ಮಿ.ಲೀ. ಬಂದಿದೆ, ಪುಸ್ತಕದ ಉತ್ತರ 2.07. ಪುಸ್ತಕವೇ ಸರಿ. ನೀವು 37 ಗ್ರಾಂ ಅನ್ನು 100 ಮಿ.ಲೀ.ಗೆ ಹಿಡಿದಿದ್ದೀರಿ, ಆದರೆ ಶೀಶೆಯ ಮೇಲಿನ ಶೇಕಡಾ ತೂಕಕ್ಕೆ ತೂಕ, ಅಂದರೆ 100 ಗ್ರಾಂ ದ್ರಾವಣದಲ್ಲಿ 37 ಗ್ರಾಂ. ಸಾಂದ್ರತೆ ಕೊಟ್ಟಿರುವುದೇ ಇದಕ್ಕಾಗಿ.

ಒಂದು ಲೀಟರ್‌ನಿಂದ ಶುರುಮಾಡಿ. ತೂಕ 1190 ಗ್ರಾಂ, ಅದರ 37% ಎಂದರೆ 440.3 ಗ್ರಾಂ. ಅಣುತೂಕ 36.46ರಿಂದ ಭಾಗಿಸಿದರೆ 12.08 ಮೋಲಾರ್. ನಿಮಗೆ ಬೇಕಿರುವುದು 0.1 × 250 = 25 ಮಿಲಿಮೋಲ್; 25 ÷ 12.08 = 2.07 ಮಿ.ಲೀ.

ಪ್ರಯೋಗಾಲಯದಲ್ಲಿ ಮಾಡುವುದಾದರೆ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಕಪಾಟು) ಒಳಗೆ, ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ. 250 ಮಿ.ಲೀ. ಗೆರೆಯಿರುವ ಫ್ಲಾಸ್ಕ್‌ಗೆ ಮೊದಲು ಸುಮಾರು 150 ಮಿ.ಲೀ. ನೀರು, ಆಮೇಲೆ ಆಮ್ಲ. ಎಂದಿಗೂ ತಿರುಗುಮುರುಗು ಬೇಡ. ಕೋಣೆಯ ತಾಪಕ್ಕೆ ಬಂದ ಮೇಲಷ್ಟೇ ಗೆರೆಯವರೆಗೆ ನೀರು ತುಂಬಿಸಿ. ತೆರೆದ ಶೀಶೆಯಿಂದ ಅನಿಲ ಹೋಗುತ್ತಲೇ ಇರುವುದರಿಂದ 12.08 ಅಂದಾಜು ಮಾತ್ರ. ನಿಖರ ಮೌಲ್ಯ ಬೇಕೆಂದರೆ ಒಣಗಿಸಿದ ಸೋಡಿಯಂ ಕಾರ್ಬೊನೇಟ್ ಜೊತೆ, ಮೀಥೈಲ್ ಆರೆಂಜ್ ಎಂಬ ಬಣ್ಣ ಬದಲಿಸುವ ಸೂಚಕ ಬಳಸಿ ಟೈಟ್ರೇಷನ್ (ತಿಳಿದ ಪ್ರಮಾಣದ ವಸ್ತುವಿನೊಂದಿಗೆ ವರ್ತಿಸಲು ಬಿಟ್ಟು ಸಾರತೆ ಅಳೆಯುವುದು) ಮಾಡಲೇಬೇಕು.